ಯಾರೂ ನೋಡಿರದ ಒಂದು ಥ್ರಿಲ್ಲರ್ ಬೇಕಾಗಿದೆ

ದೇವರು ಕಷ್ಟ ತೂಗಿ ಕೊಡುವಾಗ ಮೇಲೆ ಒಂದು ಹಿಡಿ ನಗುವನ್ನೂ ಕೊಸರು ಹಾಕುತ್ತಾನೆ. ಬಳೇಪೇಟೆಯಲ್ಲಿ ಬಳೆ ಅಂಗಡಿ ಇಟ್ಟವನು ನಾನು. ಕೊಸರಿಲ್ಲದ ವ್ಯಾಪಾರವನ್ನು ಕಂಡಿಲ್ಲ.

ನನ್ನ ಹೆಂಡತಿಯ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟ್ ಬರುವುದು ಶನಿವಾರ. ಅಲ್ಲಿಯವರೆಗೆ ದಿನ ನೂಕಬೇಕಲ್ಲ? ನಾನು ಶಿವನ ಮುಂದೆ ಕೂತೆ, ಅವಳು ಟಿವಿ ಮುಂದೆ ಕೂತಳು.

"ರೀ, ಯಾವುದಾದ್ರೂ ಕೊಲೆ ಸಿನಿಮಾ ಹಾಕಿ. ಯಾರು ಕೊಂದ್ರು ಅಂತ ಯೋಚಿಸ್ತಾ ಇದ್ರೆ ಬೇರೇದಕ್ಕೆ ತಲೇಲಿ ಜಾಗ ಇರಲ್ಲ."

ಎದುರುಮನೆ ಮೇಡಂ

ಹೆಸರುವಾಸಿಯಾದದ್ದೇ ಒಂದು ಹಾಕಿದೆ. ಮೊದಲ ಹೆಣ ಬೀಳುವ ಹೊತ್ತಿಗೆ ಎದುರುಮನೆ ಮೇಡಂ ಡಬ್ಬಿಯಲ್ಲಿ ಹುಳಿಯವಲಕ್ಕಿ ಹಿಡಿದು ಬಂದರು. ರಿಟೈರಾದ ಲೆಕ್ಕದ ಟೀಚರ್. ಉತ್ತರ ಗೊತ್ತಿದ್ದರೆ ಬಾಯಿ ಕಟ್ಟಿಕೊಂಡಿರಲಾರರು.

"ಓ, ಇದಾ? ಚೆನ್ನಾಗಿದೆ, ನೋಡಿ. ಡಾಕ್ಟರೇ ಕೊಲೆಗಾರ."

ಇವಳು ರಿಮೋಟ್ ಕೆಳಗಿಟ್ಟಳು. "ರೀ, ಶನಿವಾರ ನಾನು ಬರಲ್ಲ."

ಮೇಡಂಗೂ ಗೊತ್ತಿರದ ಸಿನಿಮಾ ಹುಡುಕುವ ಕೆಲಸ ಅಂದಿನಿಂದ ನನ್ನ ತಲೆಗೆ ಬಿತ್ತು.

ಹೂವಿನ ತೀರ್ಮಾನ

ಕೇಳರಿಯದ ಹೆಸರುಗಳೇ ಟಿವಿಯಲ್ಲಿ ಸಾಲುಸಾಲಾಗಿ ಬಂದವು. ನನಗೋ ಯಾವುದೂ ತಿಳಿಯದು. ಮಗಳ ಮದುವೆಗೂ, ಅಂಗಡಿಯ ಬಾಗಿಲು ಬದಲಿಸುವುದಕ್ಕೂ ಕೇಳಿದವನನ್ನೇ ಕೇಳಿದರಾಯಿತು ಎಂದು ಶಿವನ ಮೇಲೆ ಹೂವಿಟ್ಟು, ಮನಸ್ಸಿನಲ್ಲಿ ಒಂದು ಸಿನಿಮಾ ನೆನೆದು, ಕೈ ಮುಗಿದು ನಿಂತೆ. ಎಡಕ್ಕೆ ಬಿದ್ದರೆ ಬೇಡ, ಬಲಕ್ಕೆ ಬಿದ್ದರೆ ಆಗಲಿ. ಹೂವು ಬಲಕ್ಕೇ ಬಿತ್ತು!

ಅದು ಯಾವ ದೇಶದ್ದೋ, ಯಾವ ಭಾಷೆಯದೋ. ಉದ್ದಕ್ಕೂ ಹಿಮ, ಕತ್ತಲೆ. ಎಲ್ಲರೂ ಕರೀ ಕೋಟು ತೊಟ್ಟು ಅಳುತ್ತಿದ್ದರು. ಕೊನೆಯವರೆಗೂ ಕೂತು ನೋಡಿದೆವು.

"ಏನೂ ಅರ್ಥ ಆಗ್ಲಿಲ್ಲ ಕಣೇ," ಎಂದೆ ಅಪರಾಧಿಯಂತೆ.

"ಶಿವ ಆರಿಸಿದ್ದಲ್ವೇನ್ರೀ? ಅವನು ಮಾಡಿದ್ದು ಯಾವತ್ತು ನಮಗೆ ಅರ್ಥ ಆಗಿದೆ?"

ಪಕ್ಕದಂಗಡಿಯವನ ಷಡ್ಡಕ

ಮಾರನೆಯ ದಿನ ಪಕ್ಕದಂಗಡಿಯವನು ಧೈರ್ಯ ಹೇಳಿದ. "ಅಣ್ಣಾ, ನಾನೊಂದು ಹೇಳ್ತೀನಿ. ಅದನ್ನ ಯಾರೂ ನೋಡಿಲ್ಲ, ತೆಗೆದೋನೂ ಪೂರ್ತಿ ನೋಡಿರಲಿಕ್ಕಿಲ್ಲ."

"ನೀನು ಹೇಗಪ್ಪಾ ನೋಡ್ದೆ?"

"ನನ್ನ ಷಡ್ಡಕ ಅದ್ರಲ್ಲಿ ಹೆಣ."

ಸಂಜೆ ಹಾಕಿದೆ. ಷಡ್ಡಕ ಬಾವಿಕಟ್ಟೆಯ ಮೇಲೆ ಅಂಗಾತ ಮಲಗಿದ್ದ. ಪೊಲೀಸರು ಟೋಪಿ ತೆಗೆದು ನಿಂತಿದ್ದರು. ಅಷ್ಟರಲ್ಲಿ ಅವನ ಹೊಟ್ಟೆ ಮೆಲ್ಲಗೆ ಮೇಲೆದ್ದು ಕೆಳಗಿಳಿಯಿತು.

ಇವಳು ಆ ಜಾಗವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದಳು. ವಾರದಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಯಿತು.

"ಉಸಿರಾಡ್ತಾ ಇದಾನೆ ರೀ! ಕೊಲೆಗಾರ ಯಾರಾದ್ರೂ ಆಗ್ಲಿ ಬಿಡಿ, ಇವನು ಉಳ್ಕೊಂಡ."

ಶನಿವಾರ

ನಾವು ಹೆದರಿದ್ದೇ ಆಗಿತ್ತು. "ಬೇಗ ಗೊತ್ತಾಗಿದೆ, ಭಯ ಬೇಡ," ಅಂದರು ಡಾಕ್ಟರು. "ಆದ್ರೆ ಟ್ರೀಟ್‌ಮೆಂಟ್ ಉದ್ದ. ತುಂಬ ದಿನ ಓಡಾಡ್ಬೇಕಾಗುತ್ತೆ."

ಆಟೋ ಹತ್ತಿದೆವು. ನನ್ನ ತುಟಿಯಲ್ಲಿ ಪಂಚಾಕ್ಷರಿ. ಅದೂ ನಡುನಡುವೆ ತಪ್ಪುತ್ತಿತ್ತು. ಮಾರ್ಕೆಟ್ ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಇವಳು ಬಾಯಿ ಬಿಟ್ಟಳು.

"ರೀ, ಇನ್ಮೇಲೆ ಸಿನಿಮಾ ಬೇಡ."

ನಾನು ಪಂಚಾಕ್ಷರಿ ಬಿಟ್ಟು ಅವಳತ್ತ ತಿರುಗಿದೆ. "ಯಾಕೇ?"

"ಒಂದೇ ಸಂಜೇಲಿ ಮುಗಿದುಹೋಗುತ್ತೆ. ತುಂಬ ದಿನ ಅಂದ್ರಲ್ಲ ಡಾಕ್ಟ್ರು? ಸೀರಿಯಲ್ ಹುಡುಕಿ. ಮುಗೀದೇ ಇರೋಂಥದ್ದು."

ಆಟೋದವನು ಹಿಂತಿರುಗಿ ನೋಡಿದ. "ಅಮ್ಮಾ, ನಮ್ಮನೇಲಿ ಒಂದು ನೋಡ್ತಾರೆ. ಅದ್ರಲ್ಲಿ ಅತ್ತೆಗೆ ಡಾಕ್ಟ್ರು 'ಇನ್ನು ಸ್ವಲ್ಪ ದಿನ ಅಷ್ಟೇ' ಅಂದಾಗ ನನಗಿನ್ನೂ ಮದುವೆ ಆಗಿರ್ಲಿಲ್ಲ. ಈಗ ನನ್ನ ಮಗಳು ಕಾಲೇಜು. ಆಯಮ್ಮ ಇವತ್ತಿಗೂ ಸೊಸೇನ ಬಯ್ತಾನೇ ಇದಾಳೆ!"

ಇವಳು ನನ್ನ ಮೊಣಕೈ ತಿವಿದಳು.

"ರೀ, ಹೆಸರು ಕೇಳ್ಕೊಳ್ಳಿ."