ದೊಡ್ಡ ಸಾರ್ ಕಲಿಸಿದ ಹಕಾರ

ಸಾವಿನ ಮನೆಯಲ್ಲಿ ನಗಬಾರದು ಅನ್ನುವುದು ನನಗೂ ಗೊತ್ತು. ಆದರೆ ನಗುವಂಥದ್ದು ಅಲ್ಲೇ ಆಗುತ್ತದೆ, ಅದೂ ನನ್ನ ಬಾಯಿಂದಲೇ ಆಗುತ್ತದೆ. ಇದಕ್ಕೆಲ್ಲ ಕಾರಣ ಒಂದೇ ಒಂದು ಅಕ್ಷರ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹಕಾರ ನಾಲಿಗೆಗೆ ಬರುವುದಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ, ಹೇಳು ಯೋಳಾಗುತ್ತದೆ. ಬರೆಯುವಾಗ ನನ್ನ ಕೈ ಅದನ್ನು ಸರಿಯಾಗಿಯೇ ಹಾಕುತ್ತದೆ, ಬಾಯಿ ಮಾತ್ರ ನುಂಗಿಬಿಡುತ್ತದೆ. ಅರಿಸಿನ ಬೆಳೆಯುವವನಿಗೆ ಇದರಿಂದ ಏನೂ ನಷ್ಟವಿಲ್ಲ. ನನ್ನ ಗ್ರಹಚಾರ, ನಾನು ಟಿವಿ ವರದಿಗಾರ.

ಹೋದ ತಿಂಗಳು ನಮ್ಮ ದೊಡ್ಡ ಸಾರ್ ತೀರಿಕೊಂಡರು. ಜಿಲ್ಲೆಯ ವರದಿಗಾರರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಉಮ್ಮತ್ತೂರಿನಲ್ಲಿ ಹುಟ್ಟಿ, ಬೆಂಗಳೂರಿನ ಚಾನೆಲ್ಲಿನಲ್ಲಿ ದೊಡ್ಡ ಹೆಸರು ಮಾಡಿದವರು. ಅವರು ಸುದ್ದಿ ಓದಿದರೆ ಒಂದೊಂದು ಅಕ್ಷರವನ್ನೂ ಕೈಯಲ್ಲಿ ಹಿಡಿದು ನೋಡಬಹುದಿತ್ತು. ಮೂರನೆಯ ದಿನಕ್ಕೆ ಚಾಮರಾಜನಗರದಲ್ಲಿ ನುಡಿನಮನ ಗೊತ್ತಾಯಿತು. ಅಲ್ಲಿ ನಾನು ಎರಡು ನಿಮಿಷ ಮಾತಾಡಬೇಕು. ಚಾನೆಲ್ ಅದನ್ನು ನೇರಪ್ರಸಾರ ಮಾಡುತ್ತದೆ. ಮುಂದಿನ ಸಾಲಿನಲ್ಲಿ ಅವರ ತಾಯಿ ಕೂತಿರುತ್ತಾರೆ. ನನಗೆ ಮಾತು ಕಲಿಸಿದವರ ಬಗ್ಗೆ, ಅವರನ್ನು ಹೆತ್ತವರ ಎದುರು, ನಾನು ಒಂದು ಹಕಾರ ಬೀಳಿಸಿದರೂ ಅವಮಾನ ಅವರಿಗೆ. ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ.

ಹೆದರುವುದಕ್ಕೆ ನನ್ನ ಹತ್ತಿರ ಹಳೆಯ ಕಾರಣಗಳೂ ಇದ್ದವು.

ಯಾರ ಅಂಗಳ?

ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ಬಂಡೀಪುರದ ಕಡೆಯಿಂದ ಒಂದು ಕಾಡಾನೆ ಹಂಗಳ ಎಂಬ ಊರಿಗೆ ನುಗ್ಗಿತು. ಸ್ಟುಡಿಯೋದಿಂದ ಫೋನು ಬಂತು, ನೇರಪ್ರಸಾರ.

“ಅಂಗಳದಲ್ಲಿ ಆನೆ ಬಂದದೆ ಮೇಡಂ,” ಅಂದೆ.

“ಯಾರ ಅಂಗಳದಲ್ಲಿ?” ಅಂದರು ಸುದ್ದಿ ಓದುವ ಹೆಣ್ಣುಮಗಳು.

“ಯಾರ್ದೂ ಅಲ್ಲ ಮೇಡಂ. ಅಂಗಳ!”

“ಎಷ್ಟು ದೊಡ್ಡ ಅಂಗಳ?”

“ಭಾರಿ ದೊಡ್ಡದು ಮೇಡಂ. ಸ್ಕೂಲು, ಬಸ್‌ಸ್ಟ್ಯಾಂಡು ಎಲ್ಲಾ ಅಂಗಳದಲ್ಲೇ ಅವೆ.”

ಪರದೆಯ ಕೆಳಗೆ ಓಡಿತು ನೋಡಿ: ‘ಶಾಲೆ, ಬಸ್ ನಿಲ್ದಾಣವುಳ್ಳ ಬೃಹತ್ ಅಂಗಳಕ್ಕೆ ಆನೆ, ಮನೆ ಮಾಲೀಕರು ನಾಪತ್ತೆ.’

ಸಂಜೆಯೊಳಗೆ ನನ್ನನ್ನು ತೆಗೆದುಹಾಕುವ ಮಾತು ಶುರುವಾಯಿತು. ತಡೆದವರು ದೊಡ್ಡ ಸಾರ್. ಮುಂದಿನ ಭಾನುವಾರ ಊರಿಗೆ ಬಂದವರು ಗುಂಡ್ಲುಪೇಟೆಗೂ ಬಂದು, ನನ್ನನ್ನು ನನ್ನದೇ ಬೈಕಿನ ಮುಂದೆ ನಿಲ್ಲಿಸಿದರು.

“ಕನ್ನಡಿ ಹತ್ತಿರ ಬಾಯಿ ಇಟ್ಟು ಹಂಗಳ ಅನ್ನು.”

“ಅಂಗಳ.”

“ಕನ್ನಡಿ ನೋಡು. ಮಂಜು ಕಟ್ಟಿದರೆ ಹ. ಕಟ್ಟದಿದ್ದರೆ ಅ. ಇನ್ನೊಂದು ಸಲ.”

ಅರ್ಧ ಗಂಟೆಯ ಮೇಲೆ ಕನ್ನಡಿಯಲ್ಲಿ ಕಾಸಿನಗಲ ಮಂಜು ಕಂಡಿತು. ಅವರು ನನ್ನೆದುರಿಗೇ ಆಫೀಸಿಗೆ ಫೋನು ಮಾಡಿದರು. “ಅವನನ್ನು ತೆಗೀಬೇಡಿ. ಆನೆ ಬಂದದ್ದು ನಿಜ ತಾನೇ? ಹ ಒಂದು ಬಂದಿರಲಿಲ್ಲ. ಈಗ ಅದೂ ಬಂತು.”

ಬೆಟ್ಟದ ಮೇಲೆ

ಅಂದಿನಿಂದ ನನ್ನ ಜೇಬಿನಲ್ಲಿ ಹೆಂಡತಿಯ ಪೌಡರ್ ಡಬ್ಬಿಯ ಪುಟ್ಟ ಕನ್ನಡಿ. ಎಲ್ಲಿ ಕ್ಯಾಮೆರಾ ಮುಂದೆ ನಿಂತರೂ ಮೊದಲು ಕನ್ನಡಿಗೆ ಉಸಿರು ಬಿಟ್ಟು ನೋಡುವುದು, ಆಮೇಲೆ ಮಾತು.

ಒಂದು ಚಳಿಗಾಲ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ವರದಿ ಮಾಡಬೇಕಾಯಿತು. ಹೆಸರಿನ ಮೊದಲಕ್ಷರವೇ ನನ್ನ ಶತ್ರು. ಬೆಟ್ಟದ ಮೇಲೆ ದೇವಸ್ಥಾನದ ಗೋಪುರವೂ ಕಾಣದಷ್ಟು ಮಂಜು. ಕನ್ನಡಿ ತೆಗೆದೆ, ತೆಗೆದ ಕೂಡಲೇ ಮಂಜು ಕಟ್ಟಿತು. ಒರೆಸಿದೆ, ಮತ್ತೆ ಕಟ್ಟಿತು. ನಾನಿನ್ನೂ ಬಾಯೇ ತೆರೆದಿರಲಿಲ್ಲ. ಗಾಬರಿಯಾಗಿ ದೊಡ್ಡ ಸಾರ್‌ಗೆ ಫೋನು ಮಾಡಿದೆ.

“ಸಾ, ಇಲ್ಲಿ ಹ ಅಂದ್ರೂ ಮಂಜು, ಅ ಅಂದ್ರೂ ಮಂಜು, ಸುಮ್ಕಿದ್ರೂ ಮಂಜು. ಏನ್ಮಾಡ್ಲಿ?”

ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು. “ಸುಮ್ಮನಿದ್ದರೂ ಹ ಬರುವ ಜಾಗ ಅದೊಂದೇ ಕಣಯ್ಯ. ಧೈರ್ಯವಾಗಿ ಮಾತಾಡು,” ಅಂದರು.

ಒರೆಸುತ್ತಾ, ಊದುತ್ತಾ, ಮತ್ತೆ ಒರೆಸುತ್ತಾ ನಿಂತವನನ್ನು ಕೆಳಗಿಳಿಯುವ ಬಸ್ಸಿನ ಕಂಡಕ್ಟರ್ ಬಹಳ ಹೊತ್ತಿನಿಂದ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಕೂಗಿದ: “ಮೊಕ ಚೆನ್ನಾಗದೆ ಬುಡಿ ಸಾ! ಅತ್ಕಳಿ, ಬಸ್ಸು ಒಂಟೋಯ್ತದೆ!”

ಎಲ್ಲಿಗೆ ಹೋದರು?

ಸಾವಿನ ಸುದ್ದಿ ನನಗೆ ಬಂದದ್ದು ಬೆಳಗಿನ ಕಾಫಿ ಹೊತ್ತಿನಲ್ಲಿ. ಚಾಮರಾಜನಗರದಲ್ಲಿ ನನ್ನ ಹಾಗೇ ವರದಿಗಾರನಾಗಿರುವ ಗೆಳೆಯನಿಗೆ ಫೋನು ಮಾಡಿದೆ.

“ದೊಡ್ ಸಾರು ಓಗ್ಬುಟ್ರು ಕಣ್ಲಾ.”

“ಎಲ್ಗ್ಲಾ? ಉಮ್ಮತ್ತೂರ್ಗಾ? ತಡಿ, ಬಸ್‌ಸ್ಟ್ಯಾಂಡ್‌ತಕೆ ಓಗಿ ನೋಡ್ತೀನಿ.”

“ಬಸ್ಸಲ್ಲಲ್ಲ ಕಣ್ಲಾ. ಓಗ್ಬುಟ್ರು.”

“ಕಾರಲ್ಲಾ? ನಂಗೊಂದ್ ಮಾತು ಯೋಳ್ದೆ ಓಗೋರಲ್ವಲ್ಲ ಅವ್ರು.”

“ತೀರ್ಕಂಡ್ರು ಕಣ್ಲಾ,” ಅಂದೆ. ಅವನಿಗೆ ಆಗ ಅರ್ಥವಾಯಿತು. ಅದೇ ಮಾತನ್ನೇ ಮತ್ತೆ ಅಂದ, ಈ ಸಲ ಅಳುತ್ತಾ: “ಒಂದ್ ಮಾತೂ ಯೋಳ್ನಿಲ್ವಲ್ಲೋ.”

ಆದರೂ ಅವನು ಫೋನಿಟ್ಟ ಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ಉಮ್ಮತ್ತೂರು ಬಸ್ಸನ್ನು ಇಣುಕಿ ನೋಡಿ ಬಂದನಂತೆ. ಯಾಕೋ ಅಂದರೆ, “ನೀನ್ ಯೋಳೋ ಸುದ್ದಿ ಯಾವತ್ತಾದ್ರೂ ಸರಿಯಾಗಿದ್ದದ್ದುಂಟಾ? ಇವತ್ತೂ ತಪ್ಪಾಗಿರ್ಲಿ ಅನ್ಕಂಡೆ,” ಅಂದ.

ಹಿತೈಷಿಗಳಿಂದ ತಂದದ್ದು

ಸಭೆಯ ಬ್ಯಾನರ್ ಮಾಡಿಸುವ ಕೆಲಸ ನನ್ನ ತಲೆಗೇ ಬಂತು. ಗುಂಡ್ಲುಪೇಟೆಯಿಂದ ಚಾಮರಾಜನಗರದ ಫ್ಲೆಕ್ಸ್ ಅಂಗಡಿಗೆ ಫೋನಿನಲ್ಲೇ ಹೇಳಿ ಬರೆಸಿದೆ. ಬರೆದು ಕಳಿಸಬಹುದಿತ್ತು. ಆ ದಿನ ನನಗೆ ತಲೆ ಓಡಲಿಲ್ಲ.

ಮಾರನೆಯ ದಿನ ಹೋಗಿ ನೋಡಿದರೆ, ದೊಡ್ಡ ಸಾರ್ ಫೋಟೋದ ಕೆಳಗೆ ಅಂಗೈಯಗಲದ ಅಕ್ಷರದಲ್ಲಿ ‘ಇರಿಯ ಪತ್ರಕರ್ತರಿಗೆ ನುಡಿನಮನ’ ಎಂದಿತ್ತು. ಇರಿಯ! ಯಾರು, ಯಾರಿಗೆ, ಯಾತಕ್ಕೆ ಇರಿಯುವುದು?

ಅಂಗಡಿಯವನು ಸುಮ್ಮನಿರಲಿಲ್ಲ. “ನೀವ್ ಯೋಳ್ದಂಗೇ ಆಕಿವ್ನಿ ಸಾ. ಎರಡ್ ಸಲ ಕೇಳ್ದೆ. ಎರಡ್ ಸಲಾನೂ ಇರಿಯ ಅಂದ್ರಿ.”

“ನಾನು ಯೋಳಿದ್ದು ಇರಿಯ ಅಂತ ಅಲ್ಲ, ಇರಿಯ ಅಂತ!”

“ಅದ್ನೇ ಆಕಿರೋದು.”

ಹೊಸದು ಮಾಡಿಸೋಣ ಅಂದರೆ ಕರೆಂಟಿಲ್ಲ. ಕೊನೆಗೆ ಅವನೇ ಉಪಾಯ ಹುಡುಕಿದ. ಮೂಲೆಯಲ್ಲಿ ಬಿದ್ದಿದ್ದ ಯಾರದೋ ಹುಟ್ಟುಹಬ್ಬದ ಬ್ಯಾನರಿನಲ್ಲಿ ‘ಹಿತೈಷಿಗಳು’ ಎಂದಿತ್ತು. ಅದರಿಂದ ‘ಹಿ’ ಕತ್ತರಿಸಿ ನಮ್ಮ ‘ಇ’ ಮೇಲೆ ಅಂಟಿಸಿದ. ಅಕ್ಷರ ಸರಿಹೋಯಿತು. ಆದರೆ ಕಪ್ಪು ಅಕ್ಷರಗಳ ನಡುವೆ ಅದೊಂದು ಗುಲಾಬಿ ಬಣ್ಣ, ಪಕ್ಕದಲ್ಲಿ ಅರ್ಧ ಬಲೂನು.

“ಬಲೂನು?” ಅಂದೆ.

“ಇರ್ಲಿ ಬುಡಿ ಸಾ,” ಅಂದ. “ದೂರದಿಂದ ಊವು ಅನ್ಕತಾರೆ.”

ಆದರದ ಮಾತು

ಎರಡು ನಿಮಿಷದ ಭಾಷಣ ಬರೆದು, ಹಕಾರ ಎಷ್ಟಿವೆ ಎಂದು ಎಣಿಸಿದೆ. ಮೂವತ್ತೊಂದು. ಮನೆಯ ನಿಲುವುಗನ್ನಡಿಯ ಮುಂದೆ ನಿಂತು ಎರಡು ದಿನ ಅಭ್ಯಾಸ ಮಾಡಿದೆ. ಮೊದಲ ದಿನ ಹಕಾರ ಬರಲೇ ಇಲ್ಲ. ಎರಡನೆಯ ದಿನ ಭಯಕ್ಕೆ ಎಲ್ಲ ಕಡೆಯೂ ಬರತೊಡಗಿತು.

ಒಳಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಸೌಟು ಹಿಡಿದೇ ಓಡಿಬಂದಳು. “ಏನ್ರೀ ಅದು? ಸತ್ತೋರ್ ವಿಚಾರದಲ್ಲಿ ಏನಂದ್ರಿ ಈಗ?”

“ಅವರ ಹಾದರದ ಮಾತುಗಳನ್ನು ನಾನೆಂದೂ ಮರೆಯಲಾರೆ ಅಂದೆ. ಯಾಕೆ?”

ಅವಳು ಬಾಯಿಗೆ ಸೆರಗು ಮುಚ್ಚಿಕೊಂಡಳು. ನನಗೆ ಆಗ ಕೇಳಿಸಿತು. ಆದರ. ಗೌರವದ ಮಾತಿಗೆ ಒಂದು ಉಸಿರು ಸೇರಿಸಿ ದೇವರಂಥ ಮನುಷ್ಯನ ಮರ್ಯಾದೆ ತೆಗೆದಿದ್ದೆ. ಅದೂ ಹೆತ್ತ ತಾಯಿಯ ಮುಂದೆ, ರಾಜ್ಯವೆಲ್ಲ ನೋಡುವಾಗ ಹೀಗೆ ಆಗಿದ್ದರೆ? ಅಲ್ಲೇ ಕೂತುಬಿಟ್ಟೆ.

“ನಾನು ಓಗಲ್ಲ. ಜ್ವರ ಅಂತ ಯೋಳ್ಬುಡು,” ಅಂದೆ.

“ಅಂಗಂದ್ರೆ ಆಯ್ತದಾ? ಕೊಡಿ ಇಲ್ಲಿ,” ಎಂದು ಅವಳು ಪೆನ್ಸಿಲ್ ತೆಗೆದುಕೊಂಡು, ಅಪಾಯ ಅನ್ನಿಸಿದ ಮಾತುಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದಳು. ಹಿರಿಯ ಹೋಯಿತು, ಹೃದಯ ಹೋಯಿತು, ಆದರ, ಆದರ್ಶ, ಹಿತವಚನ ಎಲ್ಲ ಹೋದವು. ಉಳಿದದ್ದನ್ನು ಓದಿದೆ: “ಎಲ್ಲರಿಗೂ ನಮಸ್ಕಾರ. ಧನ್ಯವಾದ.”

“ಇದು ಚೆನ್ನಾಗದೆ,” ಅಂದಳು. “ಇದ್ರಲ್ಲಿ ನೀವು ತಪ್ಪು ಮಾಡಕ್ಕೆ ಜಾಗವೇ ಇಲ್ಲ.”

ಕನ್ನಡಿ

ಹೊಡೆದುಹಾಕಿದ್ದನ್ನೆಲ್ಲ ಮತ್ತೆ ಬರೆದುಕೊಂಡೇ ಹೋದೆ. ನನ್ನ ಋಣ ಎರಡು ಮಾತಿನಲ್ಲಿ ತೀರುವಂಥದ್ದಲ್ಲ.

ಸಭಾಂಗಣ ತುಂಬಿತ್ತು. ಎದುರಿಗೆ ಕ್ಯಾಮೆರಾ, ಹಿಂದೆ ಗುಲಾಬಿ ‘ಹಿ’. ಮುಂದಿನ ಸಾಲಿನಲ್ಲಿ ದೊಡ್ಡ ಸಾರ್ ತಾಯಿ, ಪಕ್ಕದಲ್ಲಿ ಮೊಮ್ಮಗಳು. ಉಮ್ಮತ್ತೂರಿನಿಂದ ಬಸ್ಸಿನಲ್ಲೇ ಬಂದಿದ್ದರು. ನಾನು ಮೈಕಿನ ಮುಂದೆ ನಿಂತೆ. ಜೇಬಿನಲ್ಲಿ ಪೌಡರ್ ಡಬ್ಬಿಯ ಕನ್ನಡಿ ಇತ್ತು. ಒಮ್ಮೆ ಮುಟ್ಟಿಕೊಂಡೆ.

“ನಾಡಿನ ಹಿರಿಯ ಪತ್ರಕರ್ತರು ನಮ್ಮನ್ನು ಅಗಲಿದ್ದಾರೆ. ಹೃದಯ ಭಾರವಾಗಿದೆ. ಅವರ ಆದರದ ಮಾತುಗಳು, ಅವರ ಹಿತವಚನ...”

ಬಂತು! ಒಂದೂ ಬೀಳಲಿಲ್ಲ, ಒಂದೂ ಹೆಚ್ಚಾಗಲಿಲ್ಲ. ಇಪ್ಪತ್ತನೆಯ ಹಕಾರ ದಾಟುವಾಗ ಮುಂದಿನ ಸಾಲಿನಿಂದ ತಾಯಿಯ ದನಿ ಎದ್ದಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಗಟ್ಟಿಯಾಗಿಯೇ ಕೇಳಿದರು.

“ಇದ್ಯಾರ ವಿಚಾರ ಯೋಳ್ತಾವ್ನೆ ಕಣಮ್ಮಿ ಈವಯ್ಯ?”

“ನಮ್ ದೊಡ್ಡಪ್ಪನ್ ವಿಚಾರ ಕಣಜ್ಜಿ.”

“ನಮ್ಮವನ್ದಾ? ನಮ್ಮವನು ಇಂಗೆಲ್ಲ ಇದ್ನಾ?”

ಸಭೆಯಲ್ಲಿ ಯಾರೋ ನಕ್ಕು, ತಟ್ಟನೆ ಕೆಮ್ಮಿದರು. ಮೂವತ್ತೊಂದು ಹಕಾರ ಕಲಿತು ಬಂದಿದ್ದೆ, ಯಾರಿಗೆ ಹೇಳಬೇಕಿತ್ತೋ ಅವರಿಗೇ ತಿಳಿಯಲಿಲ್ಲ. ಚೀಟಿ ಮಡಚಿ ಜೇಬಿಗೆ ಹಾಕಿದೆ. ಕ್ಯಾಮೆರಾ ಬಿಟ್ಟು ಅವರ ಕಡೆ ತಿರುಗಿದೆ.

“ಅವ್ವಾ, ನಿಮ್ ಮಗ ನಂಗೆ ಮಾತು ಕಲಿಸ್ದೋರು. ಅಂಗಳಕ್ಕೆ ಆನೆ ಬಂದಿತ್ತು, ನಾನು ತಪ್ಪು ಯೋಳ್ಬುಟ್ಟೆ, ಎಲ್ರೂ ನನ್ ಕೆಲ್ಸ ತೆಗೀರಿ ಅಂದ್ರು. ಅವ್ರೊಬ್ರೇ ಬ್ಯಾಡ ಅಂದ್ರು. ಈಗ ಓಗ್ಬುಟ್ರು. ನಾನು ಯಾರ್ಗೆ ಪೋನ್ ಮಾಡ್ಲಿ ಅವ್ವಾ?”

ಅಷ್ಟೇ ನನ್ನಿಂದ ಆದದ್ದು. ಅಲ್ಲೇ ಅತ್ತುಬಿಟ್ಟೆ. ಸಭೆಯೂ ಅತ್ತಿತು. ಒಂದೂ ಹಕಾರವಿಲ್ಲದ ಆ ಮಾತು ರಾಜ್ಯವೆಲ್ಲ ಹೋಯಿತು. ಬೆಂಗಳೂರಿನಿಂದ ಯಾರೂ ‘ಯಾರ ಅಂಗಳ’ ಎಂದು ಕೇಳಲಿಲ್ಲ.

ಕೆಳಗಿಳಿದು ಅವ್ವನ ಕಾಲಿಗೆ ಬಿದ್ದೆ. ಬಗ್ಗಿದಾಗ ಜೇಬಿನಿಂದ ಕನ್ನಡಿ ಅವರ ಪಾದದ ಹತ್ತಿರ ಬಿತ್ತು. ಗಂಡಸಿನ ಜೇಬಲ್ಲಿ ಪೌಡರ್ ಡಬ್ಬಿ ಕನ್ನಡಿ ಯಾತಕ್ಕಪ್ಪ ಎಂದರು. ನಾನು ನಾಚಿಕೆಯಿಂದಲೇ ಎಲ್ಲ ಹೇಳಿದೆ, ಊದಿ ತೋರಿಸಿದೆ. ಅವರು ಕನ್ನಡಿಯನ್ನು ಕೈಗೆ ತೆಗೆದುಕೊಂಡರು.

“ಇದುಕ್ಕಾ?” ಅಂದರು. “ನನ್ ಮಗ ಮನೇಲಿ ‘ಅವ್ವಾ, ಒಟ್ಟೆ ಅಸಿತದೆ’ ಅಂತ್ಲೇ ಅಂತಿದ್ದ. ಟೀವೀಲಿ ಅದೆಂಗೆ ಅಂಗ್ ಮಾತಾಡ್ತಾನೆ ಅಂತ ನಂಗೇ ಗೊತ್ತಾಯ್ತಿರ್ನಿಲ್ಲ. ಬಂದಾಗೆಲ್ಲ ನಮ್ ಗ್ವಾಡೆ ಕನ್ನಡಿ ಮುಂದೆ ನಿಂತ್ಕಂಡು ಆ ಆ ಅಂತ ಊದಿ ಊದಿ ಒರಸೋನು. ಎಷ್ಟು ಒಳ್ಳೆ ಮಗ, ನಂಗೆ ಕೆಲ್ಸ ಅಗುರಾಗ್ಲಿ ಅಂತ ಕನ್ನಡಿ ಒರಸಿ ಕೊಟ್ಟೋಯ್ತನೆ ಅಂತ ಬೀದಿಗೆಲ್ಲ ಯೋಳ್ಕಂಡ್ ಬಂದಿವ್ನಿ ಕಣಪ್ಪ!”

ನಗುತ್ತಾ ಹೇಳಿದವರು ಹಾಗೇ ಅತ್ತರು. ಆಮೇಲೆ ನನ್ನ ಕೈ ಹಿಡಿದು, “ನೀನು ಆಗಾಗ ಬಂದೋಗು,” ಅಂದರು.

ಹೋದ ಭಾನುವಾರ ಉಮ್ಮತ್ತೂರಿಗೆ ಹೋಗಿದ್ದೆ. ಗೋಡೆಯ ಮೇಲೆ ಆ ಕನ್ನಡಿ ಇತ್ತು, ಧೂಳು ಹಿಡಿದಿತ್ತು. ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತೆ. ಬಾಯಿ ಹತ್ತಿರ ಇಟ್ಟು ‘ಹಂಗಳ’ ಅಂದೆ. ಮಂಜು ಕಟ್ಟಿತು. ಅದರೊಳಗೆ ನನ್ನ ಮುಖ ಕಾಣಲಿಲ್ಲ, ಯಾರ ಮುಖವಾದರೂ ಆಗಬಹುದಿತ್ತು. ಒರೆಸುವುದಕ್ಕೆ ಕೈ ಬರಲಿಲ್ಲ.

ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಕೂಗಿದರು: “ಊದ್ಬುಟ್ಟು ಅಂಗೇ ಬುಡಬ್ಯಾಡ ಕಣಪ್ಪ, ಒರಸು. ಅವ್ನು ಒಂದಿನಾನೂ ಅರ್ಧಕ್ಕೆ ಬುಟ್ಟೋದೋನಲ್ಲ.”