ಹೇಮಪ್ಪನ ಪೆಟ್ಟಿಗೆಯ ಕೂಗು

ಹೇಮಪ್ಪನ ಹೆಣವಿಟ್ಟ ತಂಪು ಪೆಟ್ಟಿಗೆ ಮಧ್ಯಾಹ್ನ ಕೀಂ ಕೀಂ ಎಂದು ಒದರತೊಡಗಿತು. ಮುಂಜಾನೆ ಅದನ್ನು ಬಾಡಿಗೆಗೆ ತಂದು ಇಳಿಸಿಹೋಗಿದ್ದ ಕೊಪ್ಪಳದ ಮೆಕ್ಯಾನಿಕ್ ಗೋಣೆಪ್ಪನಿಗೆ ಫೋನು ಹೋಯಿತು. ಅವನು ಬೈಕು ಹತ್ತಿ ತಳಕಲ್ ಊರಿಗೆ ಬರುವಷ್ಟರಲ್ಲಿ ಓಣಿಯ ಜನವೆಲ್ಲ ಅಂಗಳದಲ್ಲಿ ನೆರೆದಿತ್ತು.

"ಒದರೂದು ಪೆಟ್ಟಿಗಿ ಅಲ್ಲೋ, ಒದರಾಕತ್ತಾಂವ ಹೇಮಪ್ಪ," ಎಂದಳು ನೆರೆಮನೆಯ ಕಳಕಮ್ಮ. "ಮಕ್ಕಳ ಮ್ಯಾಲೆ ಸಿಟ್ಟಾಗ್ಯಾನ."

ಸಿಟ್ಟಿಗೆ ಕಾರಣವಿತ್ತು. ಹೊಲ ಪಾಲಾದಂದಿನಿಂದ ಮಾತು ಬಿಟ್ಟಿದ್ದ ಅಣ್ಣ ದುರಗೇಶ, ತಮ್ಮ ಪ್ರವೀಣಕುಮಾರ ಇಬ್ಬರೂ, ಅಪ್ಪನನ್ನು ಹೂಳಲು ನನ್ನ ಹೊಲ ಬೇಡ, ಅವನದಾಗಲಿ ಎಂದು ನಿನ್ನೆಯಿಂದ ಹಟ ಹಿಡಿದಿದ್ದರು. ಹೆಣ ಬಸ್ಸು ತಪ್ಪಿದವನಂತೆ ಸುಮ್ಮನೆ ಮಲಗಿತ್ತು. ಕೂಗು ಕೇಳಿ ಇಬ್ಬರೂ ಬೆವೆತು, ಎರಡೂ ಹೊಲದ ನಡುವಿನ ಬದುವಿನಲ್ಲೇ ಹೂಳೋಣವೆಂದು ಆಗಷ್ಟೇ ಒಪ್ಪಿದ್ದರು. ಇದೆಲ್ಲ ಗೋಣೆಪ್ಪನಿಗೆ ತಿಳಿದದ್ದು ಆಮೇಲೆ.

ಅವನು ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿದ. ಸೆನ್ಸರಿನ ವಾಯರು ಕಿತ್ತುಬಂದಿತ್ತು. ಸಿಕ್ಕಿಸಿದ. ಕೂಗು ನಿಂತಿತು. ಅಲ್ಲಿಗೆ ಎದ್ದು ಹೋಗಿದ್ದರೆ ಆಗುತ್ತಿತ್ತು. ಆದರೆ ಇಷ್ಟೊಂದು ಜನ ನಿಂತು ಅವನ ಕೆಲಸ ನೋಡಿದ್ದು ಅದೇ ಮೊದಲು.

"ಇದು ಸೆನ್ಸರ್ ನೋಡ್ರಿ. ಒಳಗ ಎಷ್ಟು ತಂಪೈತಿ ಅಂತ ಬೋರ್ಡಿಗೆ ಸುದ್ದಿ ಮುಟ್ಟಸ್ತೈತಿ. ಅದಕ್ಕ ಇನ್‌ಪುಟ್ ಅಂತಾರ. ಸುದ್ದಿ ಬರಲಿಲ್ಲಂದ್ರ ಬೋರ್ಡು ಗಾಬರಿಯಾಗಿ ಈ ಬಜರ್ ಒದರಸ್ತೈತಿ. ಅದು ಔಟ್‌ಪುಟ್. ಹಿರ್ಯಾಂದು ಇದರಾಗ ಏನೂ ಇಲ್ರಿ."

"ಹಂಗಾರ ಅಪ್ಪ ಒದರಿಲ್ಲ?" ಎಂದ ದುರಗೇಶ.

"ಇಲ್ರಿ."

"ಹಂಗಾರ ಬದುವೂ ಬ್ಯಾಡ. ಅವನ ಹೊಲದಾಗ ಹೂಳ್ರಿ."

"ನನ್ನ ಹೊಲದಾಗ ಯಾವನರ ಗುದ್ದಲಿ ಹಾಕ್ಲಿ, ನೋಡ್ತೀನಿ," ಎಂದ ಪ್ರವೀಣಕುಮಾರ.

ಹೇಮಪ್ಪನ ಹೆಂಡತಿ ಮುದಕಮ್ಮ ಗೋಣೆಪ್ಪನನ್ನು ಹಿತ್ತಲಿಗೆ ಕರೆದಳು. ಅತ್ತು ಅತ್ತು ಆಕೆಯ ದನಿ ಬಿದ್ದುಹೋಗಿತ್ತು.

"ಆ ವಾಯರ್ ಕಿತ್ತಾಕಿ ನಾನಪಾ. ಪೆಟ್ಟಿಗಿ ಇಳಸುವಾಗ ನೀನ ಹೇಳಿದ್ದಿ, ಇದನ್ನ ಮುಟ್ಟಬ್ಯಾಡ್ರಿ, ಒದರತೈತಿ ಅಂತ. ಸತ್ತಾವ ಮಣ್ಣು ಕಾಣಬೇಕಲ್ಲ. ಮತ್ತ ಕಿತ್ತು ಬಿಡು."

ಗೋಣೆಪ್ಪ ಅಂಗಳಕ್ಕೆ ಮರಳಿದ. ಪೆಟ್ಟಿಗೆಗೆ ನಮಸ್ಕಾರ ಮಾಡುವವನಂತೆ ಕುಳಿತು, ಕೆಳಗೆ ಕೈ ಸರಿಸಿ ವಾಯರು ಎಳೆದ. ಕೀಂ ಕೀಂ.

ಜನ ಹೌಹಾರಿತು. ಅಣ್ಣತಮ್ಮಂದಿರು ಮಾತ್ರ ಬೆದರಲಿಲ್ಲ. ನೆಟ್ಟಗೆ ಪೆಟ್ಟಿಗೆಯ ಕೆಳಗೆ ಬಗ್ಗಿದರು. ಎಲ್ಲಿ ನೋಡಬೇಕೆಂದು ಅವನೇ ಕಲಿಸಿದ್ದನಲ್ಲ. ವಾಯರು ಇನ್ನೂ ಗೋಣೆಪ್ಪನ ಬೆರಳಲ್ಲಿತ್ತು.

ಒಬ್ಬ ಅಂಗಿಯ ಎಡಗಡೆ ಹಿಡಿದ, ಇನ್ನೊಬ್ಬ ಬಲಗಡೆ.

"ನಮ್ಮಪ್ಪನ ಹೆಣದ ಕೂಡ ಚ್ಯಾಷ್ಟಿ ಮಾಡ್ತಿ?" ಎಂದ ಪ್ರವೀಣಕುಮಾರ. "ಇವನ ಕೈಗೆ ಗುದ್ದಲಿ ಕೊಡಣ್ಣ. ತಗ್ಗು ಇವನ ತಗೀಲಿ."

ಎಷ್ಟೋ ವರ್ಷದ ಮೇಲೆ ಅಣ್ಣ ಅನ್ನಿಸಿಕೊಂಡ ದುರಗೇಶನ ಹಿಡಿತ ಚೂರು ಸಡಿಲಾಯಿತು, ಆದರೆ ಅವನು ಅಂಗಿ ಬಿಡಲಿಲ್ಲ.

ಗೋಣೆಪ್ಪ ಮುದಕಮ್ಮನತ್ತ ನೋಡಿದ. ಆಕೆ ತಲೆಗೆ ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಎಲ್ಲಿ ತಗೀಲ್ರಿ?" ಎಂದ ಅವನು.

"ಬದುವಿನಾಗ," ಎಂದರು ಅಣ್ಣತಮ್ಮಂದಿರು, ಇಬ್ಬರೂ ಕೂಡಿಯೇ.

ಬದುವೆಂದರೆ ಬರೀ ಕಲ್ಲು. ಗುದ್ದಲಿ ಬಿದ್ದಲ್ಲೆಲ್ಲ ಕಿಡಿ ಹಾರುತ್ತಿತ್ತು. ಸೊಂಟದಾಳಕ್ಕೆ ಇಳಿದ ಗೋಣೆಪ್ಪ ಉಸಿರಿಗೆಂದು ನಿಂತಾಗ ಮೇಲಿನಿಂದ ಕಳಕಮ್ಮ ಇಣುಕಿದಳು.

"ಇನ್ನಾ ಆಳ ತಗಿಯೋ. ನರಿ ಭಾಳ ಅದಾವ."