ಐವತ್ತು ದಾಟದ ಆಣೆ, ದಪ್ಪ ಟೈರು

ಗಾಡಿಗೆ ದಪ್ಪ ಟೈರ್ ಹಾಕಿಸಿದವರೆಲ್ಲ ಒಂದಲ್ಲ ಒಂದಿನ ನನ್ನ ಅಂಗಡಿ ಮುಂದೆ ಬಂದು ನಿಲ್ತಾರೆ, ನಿಂತು ನನ್ನ ಮೇಲೇ ರೇಗ್ತಾರೆ. ಬನಶಂಕರಿಯಲ್ಲಿ ಮೀಟರ್ ರಿಪೇರಿ ಮಾಡೋನು ನಾನು. ಟೈರ್ ದೊಡ್ಡದಾದ್ರೆ ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ. ಮೀಟರ್‌ಗೆ ಪಾಪ ಅದು ಗೊತ್ತಿಲ್ಲ, ಹಳೇ ಅಳತೆಯಲ್ಲೇ ಸ್ಪೀಡು, ದೂರ ಎರಡನ್ನೂ ಕಮ್ಮಿ ತೋರಿಸ್ತಾ ಇರುತ್ತೆ. ಅದನ್ನ ಸರಿ ಮಾಡೋದು ಸುಲಭ. ಗಾಡಿ ಓನರಿಗೆ ಹೇಳೋದಿದೆಯಲ್ಲ, ಅದು ಕಷ್ಟ.

ಆ ವರ್ಷ ನನಗೆ ಹೆಣ್ಣು ನೋಡ್ತಿದ್ರು. ಎರಡು ಸಂಬಂಧ ನನ್ನ ಬಾಯಿಂದಲೇ ತಪ್ಪಿಹೋಗಿತ್ತು. "ಇದ್ದದ್ದು ಇದ್ದ ಹಾಗೆ ಹೇಳೋ ಚಾಳಿ ಬಿಡೋ, ಇಲ್ದಿದ್ರೆ ಜನ್ಮಪೂರ್ತಿ ಆ ಮೀಟರುಗಳ ಜೊತೆನೇ ಸಂಸಾರ ಮಾಡು" ಅಂತ ಅಮ್ಮ ದಿನಾ ಬೆಳಿಗ್ಗೆ ಮಂಗಳಾರತಿ ಎತ್ತೋರು.

೧. ಒಂದು ಸುತ್ತು

ಹೊಸ ಟೈರಿನ ಅಳತೆ ತಗೊಳ್ಳೋದು ಹೀಗೆ: ಟೈರ್ ಮೇಲೊಂದು ಸೀಮೆಸುಣ್ಣದ ಗೀಟು, ಅದರ ನೇರಕ್ಕೆ ನೆಲದ ಮೇಲೊಂದು ಗೀಟು. ಗಾಡಿನ ಮೆಲ್ಲಗೆ ತಳ್ಳಿ, ಚಕ್ರ ಒಂದು ಸುತ್ತು ಬಂದ ಮೇಲೆ ಟೇಪ್ ಹಿಡೀಬೇಕು.

ಜೆ.ಪಿ. ನಗರದ ಒಂದು ಮನೆ ಮುಂದೆ ಗೀಟು ಹಾಕಿ ಎದ್ದೆ. ಒಳಗಿಂದ ಮನೆಯ ಅಜ್ಜಿ ತಟ್ಟೆ ಹಿಡ್ಕೊಂಡು ಬಂದ್ರು. ಗೀಟಿಗೆ ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೇಬಿಟ್ರು.

"ಅಜ್ಜಿ, ಚಕ್ರ ಹಣ್ಣು ಹತ್ತಿ ಇಳಿದ್ರೆ ಅಳತೆ ತಪ್ಪುತ್ತೆ" ಅಂದೆ.

"ಹೊಸ ಟೈರು ನಿಂಬೆಹಣ್ಣು ತುಳೀದೆ ಮುಂದಕ್ಕೆ ಹೋಗುತ್ತೇನೋ? ತಳ್ಳು!"

ತಳ್ಳಿದೆ. ರಸ ನೆಟ್ಟಗೆ ನನ್ನ ಕಣ್ಣಿಗೇ ಹಾರಿತು. ಉರಿ ತಡ್ಕೊಂಡು, "ಇನ್ನೊಂದ್ಸಲ ಅಳೀತೀನಿ ಅಜ್ಜಿ" ಅಂದೆ.

ಅಜ್ಜಿ ಒಳಗೆ ಕೂಗಿದ್ರು: "ಲೇ, ಇನ್ನೊಂದು ನಿಂಬೆಹಣ್ಣು ತಾರೇ!"

೨. ಮಗಳ ಮನೆ

ಜಯನಗರದ ರಿಟೈರ್ಡ್ ಅಂಕಲ್ ಒಬ್ಬರು. ಅವರ ಕಾರಿನ ಮೀಟರ್ ಸರಿ ಮಾಡಿ ಕೊಟ್ಟಿದ್ದೆ. ಮಾರನೇ ದಿನವೇ ಬಂದ್ರು.

"ಏನಯ್ಯಾ ಮಾಡಿದೀಯ? ಅಂಜನಾಪುರದಲ್ಲಿರೋ ಮಗಳ ಮನೆ ಮೊನ್ನೆವರೆಗೂ ಒಂಬತ್ತೂವರೆ ಕಿಲೋಮೀಟರ್ ಇತ್ತು. ಇವತ್ತು ಹತ್ತು ತೋರಿಸ್ತಿದೆ!"

"ಮನೆ ಅಲ್ಲೇ ಇದೆ ಸಾರ್. ಮೊದಲು ತೋರಿಸ್ತಿದ್ದದ್ದು ತಪ್ಪು."

ಅಂಕಲ್ ಕುರ್ಚಿ ಎಳ್ಕೊಂಡು ಕೂತ್ರು. "ಒಂಬತ್ತೂವರೆ ಅಂದ್ರೆ ಇಲ್ಲೇ ಪಕ್ಕ ಅನ್ನಿಸ್ತಿತ್ತು. ದಿನಾ ಸಂಜೆ ಕಾಫಿಗೆ ಹೋಗಿಬಿಡ್ತಿದ್ದೆ. ಹತ್ತು ಅಂದ್ರೆ ದೂರ ಆಯ್ತಪ್ಪ. ಇನ್ಮೇಲೆ ವಾರಕ್ಕೊಂದ್ಸಲ ಸಾಕು."

ಅವರು ಮನಸ್ಸು ಸಣ್ಣದು ಮಾಡ್ಕೊಂಡು ಹೊರಟ್ರು. ಸುಮ್ನೆ ಇರಬಾರದಿತ್ತಾ ನಾನು ಅಂತ ನನ್ನನ್ನೇ ಬೈಕೊಂಡೆ.

ಎರಡು ದಿನ ಬಿಟ್ಟು ಅವರ ಅಳಿಯ ಫೋನ್ ಮಾಡಿದ್ರು. ಬೈತಾರೆ ಅಂದ್ಕೊಂಡು ಹೆದರ್ಕೊಂಡೇ ಎತ್ತಿದೆ. ಆ ಕಡೆಯಿಂದ ಮೆತ್ತಗಿನ ದನಿ: "ಗುರುವೇ, ನಮ್ಮ ಮಾವನ ಮೀಟರಲ್ಲಿ ಇಪ್ಪತ್ತು ಕಿಲೋಮೀಟರ್ ತೋರಿಸೋ ಹಾಗೆ ಮಾಡೋಕಾಗುತ್ತಾ?"

೩. ತಲೆ ಮೇಲೆ ಕೈ

ಮೂರನೇ ಸಂಬಂಧ ಬಂದಿದ್ದು ಬೇಗೂರಿನಿಂದ. ಹುಡುಗಿ ಫೋಟೋ ನೋಡಿದ ದಿನವೇ ನಾನು ಬಿದ್ದುಹೋಗಿದ್ದೆ, ಈ ಸಲ ತಪ್ಪಿದ್ರೆ ಬದುಕೇ ಬೇಡ ಅನ್ನಿಸಿತ್ತು. ಹುಡುಗಿಯ ಅಪ್ಪ ಮೊದಲು ರಾಗಿ ಬೆಳೀತಿದ್ದೋರು, ಈಗ ಅದೇ ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿದ್ದಾರೆ. ಹುಡುಗನ ಅಂಗಡಿ ನೋಡೋಕೆ ಅಂತ ಹೆಂಡತಿ ಜೊತೆ ಜೀಪಲ್ಲಿ ಬಂದ್ರು. ನನ್ನ ಕಣ್ಣು ಮೊದಲು ಹೋಗಿದ್ದೇ ಜೀಪಿನ ಟೈರ್ ಮೇಲೆ. ಒಂದೊಂದೂ ರುಬ್ಬೋ ಗುಂಡಿನ ಹಂಗೆ ದಪ್ಪ.

"ಬಾರಪ್ಪ, ಒಂದು ರೌಂಡ್ ಹೋಗಿ ನಮ್ ಮೀಟರ್ ಚೆಕ್ ಮಾಡು. ನಿನ್ನ ಕೆಲಸಾನೂ ಗೊತ್ತಾಗ್ತದೆ" ಅಂದ್ರು.

ಅವರ ಪಕ್ಕ ನಾನು, ಹಿಂದೆ ಅವರ ಹೆಂಡತಿ. ಕನಕಪುರ ರಸ್ತೆ ಸೇರಿದ ಮೇಲೆ ಅವರು ಹೆಮ್ಮೆಯಿಂದ ಹೇಳಿದ್ರು: "ಹಿಂದೆ ಒಂದ್ಸಲ ಜೋರಾಗಿ ಹೋಗಿ ಮೋರಿಗೆ ಬಿದ್ದಿದ್ದೆ. ಅವತ್ತು ಇವಳ ತಲೆ ಮೇಲೆ ಕೈ ಇಟ್ಟು ಆಣೆ ಮಾಡ್ದೆ, ಐವತ್ತರ ಮೇಲೆ ಓಡ್ಸಲ್ಲ ಅಂತ. ಇವತ್ತಿನವರ್ಗೂ ದಾಟಿಲ್ಲ. ನೋಡು, ಮುಳ್ಳು ಐವತ್ತರಲ್ಲೈತೆ. ನಿನ್ ಫೋನಲ್ಲಿ ಎಷ್ಟು ಬತ್ತೈತೆ?"

ನನ್ನ ಫೋನಿನ ಜಿಪಿಎಸ್ ಪ್ರಕಾರ ಐವತ್ತಾರು. ಐವತ್ತು ಅಂದ್ರೆ ಹುಡುಗಿ ಸಿಗ್ತಾಳೆ. ಅಮ್ಮನ ಮುಖ ಕಣ್ಮುಂದೆ ಬಂತು. ನಾಲಿಗೆ ಕಚ್ಕೊಂಡೆ. ಆದ್ರೂ ಹಾಳು ಬಾಯಿ ಕೇಳಬೇಕಲ್ಲ!

"ಐವತ್ತಾರು ಸಾರ್. ದಪ್ಪ ಟೈರ್ ಹಾಕಿಸಿದಾಗಿಂದ ಮೀಟರ್ ಕಮ್ಮಿ ತೋರಿಸ್ತಿದೆ."

ಅವರು ಗಾಡಿನ ಪಕ್ಕಕ್ಕೆ ಎಳೆದು ನಿಲ್ಲಿಸಿದ್ರು. ಮುಖ ಕೆಂಪಗಾಗಿತ್ತು. ಮುಗೀತು ನನ್ನ ಕಥೆ ಅಂದ್ಕೊಂಡೆ.

ಹಿಂದಿನಿಂದ ಅವರ ಹೆಂಡತಿ ಕೇಳಿದ್ರು: "ಈ ಟೈರ್ ಹಾಕ್ಸಿ ಎಷ್ಟು ದಿನ ಆಯ್ತು?"

"ಎರಡು ವರ್ಷ" ಅಂದ್ರು ಇವರು.

"ನಂಗೆ ತಲೆನೋವು ಶುರುವಾಗಿ?"

"ಅದೂ... ಎರಡು ವರ್ಷ" ಅಂದ್ರು ಯಜಮಾನ್ರು.

"ಸ್ಕ್ಯಾನ್ ಮಾಡ್ಸಿದ್ದಾಯ್ತು, ಕನ್ನಡಕ ಹಾಕ್ಸಿದ್ದಾಯ್ತು. ಡಾಕ್ಟ್ರು ಏನೂ ಇಲ್ಲ ಅಂದ್ರು. ಡಾಕ್ಟ್ರಿಗೇನು ಗೊತ್ತು ನಿಮ್ ಟೈರಿನ ವಿಷ್ಯ! ನನ್ ತಲೆ ಮೇಲೆ ಆಣೆ ಇಟ್ಟು ದಿನಾ ಮುರ್ಕೊಂಡು ಓಡಾಡ್ತಿದ್ರಲ್ಲ!"

"ನಂಗೆ ಗೊತ್ತಿರ್ಲಿಲ್ವೇ..." ಅಂದ್ರು ಅವರು, ದನಿ ಸಣ್ಣದಾಗಿ.

ಆಯಮ್ಮ ನನ್ನ ಕಡೆ ತಿರುಗಿದ್ರು. "ನೋಡಪ್ಪ, ನೀನೂ ಐವತ್ತರ ಮೇಲೆ ಓಡ್ಸಲ್ಲ ಅಂತ ಈಗ್ಲೇ ಆಣೆ ಮಾಡು."

ನಾನು ಭಕ್ತಿಯಿಂದ ಹಿಂದಕ್ಕೆ ತಿರುಗಿ, ಅವರ ತಲೆ ಕಡೆ ಕೈ ಚಾಚಿದೆ. ಆಯಮ್ಮ ಸರಕ್ಕನೆ ಸೀಟಿನ ಮೂಲೆಗೆ ಸರಿದು, ಎರಡೂ ಕೈಯಲ್ಲಿ ತಲೆ ಮುಚ್ಕೊಂಡ್ರು.

"ನನ್ ತಲೆ ಬೇಡಪ್ಪೋ! ನಿಮ್ಮಾವನ ತಲೆ ಮೇಲೆ ಇಡು!"